ಹೊಸ ಸಿಲಿಂಡರಿಗೆ ಮುಲಾಜು ಬೇಡ

ಹೊಸೂರಿನಲ್ಲಿ ಬೀದಿಗೊಬ್ಬರಾದರೂ ಗಾಡಿ ಫ್ಯಾಕ್ಟರಿಯವರು ಸಿಗುತ್ತಾರೆ. ರನ್ನಿಂಗ್-ಇನ್ (ಹೊಸ ಎಂಜಿನ್ನನ್ನು ಓಡಿಸಿ ಹದಕ್ಕೆ ತರುವುದು) ಅಂದರೆ ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನಿಧಾನಕ್ಕೆ ಓಡಿಸಿ, ಹೆಚ್ಚು ರೇಸ್ ಕೊಡಬೇಡಿ. ಊರಾಚೆಯ ಏರ್‌ಸ್ಟ್ರಿಪ್ಪಿಂದ ಹಾರುವ ಸಣ್ಣ ವಿಮಾನಗಳ ಲೈಕಮಿಂಗ್ ಎಂಜಿನ್ನಿಗೂ ಇದೇ ಮರ್ಯಾದೆ ಕೊಟ್ಟರೆ ಹೊಸ ಸಿಲಿಂಡರ್ ಕೆಟ್ಟಿತೆಂದೇ ಲೆಕ್ಕ.

ಬ್ಯಾರೆಲ್ (ಸಿಲಿಂಡರಿನ ಕೊಳವೆ) ಒಳಗೆ ಟಾರ್ಚ್ ಬಿಟ್ಟು ನೋಡಿ. ಹೋನ್ ಮಾಡಿದ, ಅಂದರೆ ಕಲ್ಲಿನಿಂದ ಉಜ್ಜಿದ, ಸಣ್ಣ ಗೀರುಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗಿರುತ್ತವೆ. ಪಿಸ್ಟನ್ ಸುತ್ತಲಿನ ರಿಂಗ್ ಈ ಗೀರುಗಳ ತುದಿ ಸವೆಸಿಕೊಂಡು ಗೋಡೆಗೆ ಹೊಂದಿಕೊಳ್ಳಬೇಕು. ರಿಂಗನ್ನು ಹೊರಕ್ಕೆ ಒತ್ತುವುದು ಅದರ ಸ್ವಂತ ಬಿಗಿಗಿಂತ ಹೆಚ್ಚಾಗಿ ಹಿಂದೆ ನುಗ್ಗುವ ಗ್ಯಾಸಿನ ಒತ್ತಡ. ಪವರ್ ಕಡಿಮೆಯಾದರೆ ಒತ್ತಡವೂ ಕಡಿಮೆ. ರಿಂಗ್ ಆಯಿಲ್ ಪದರದ ಮೇಲೇ ಜಾರುತ್ತದೆ, ಆ ಆಯಿಲ್ ಬೆಂದು ಗೀರುಗಳಲ್ಲಿ ಮೆತ್ತಿಕೊಳ್ಳುತ್ತದೆ. ಇದೇ ಗ್ಲೇಜ್.

ರಿಂಗ್ ತರಿಸುವಾಗಲೇ ಎಚ್ಚರ ಬೇಕು: ಕ್ರೋಮ್ ಬ್ಯಾರೆಲ್ಲಿಗೆ ಕ್ರೋಮ್ ರಿಂಗ್ ಹಾಕಲೇಬಾರದು. ಆಯಿಲ್ ಮಿನರಲ್ ಆಗಿರಲಿ. ಏರೋಶೆಲ್ 100 ಸರಿ, ಡಬ್ಬದ ಮೇಲೆ ಡಬ್ಲ್ಯೂ 100 ಅಂತ ಇದ್ದರೆ ಅದು ಆಶ್‌ಲೆಸ್ ಡಿಸ್ಪರ್ಸೆಂಟ್ (ಕೊಳೆಯನ್ನು ತೇಲಿಸಿಡುವ ರಾಸಾಯನಿಕ ಬೆರೆಸಿದ್ದು), ಸದ್ಯಕ್ಕೆ ಬೇಡ. 50 ಗಂಟೆ, ಅಥವಾ ಆಯಿಲ್ ಖರ್ಚು ಸ್ಥಿರವಾಗುವ ತನಕ ಮಿನರಲ್ಲೇ. ಟರ್ಬೊ ಇರುವ ಲೈಕಮಿಂಗ್‌ಗಳಿಗೆ ಮಾತ್ರ ಮೊದಲಿಂದಲೂ ಡಿಸ್ಪರ್ಸೆಂಟ್.

ಸ್ಟಾರ್ಟ್ ಮಾಡುವ ಮುಂಚೆ ಪ್ರತಿ ಸಿಲಿಂಡರಿಂದ ಒಂದೊಂದು ಪ್ಲಗ್ ಬಿಚ್ಚಿ, ಆಯಿಲ್ ಪ್ರೆಶರ್ ಕಾಣುವ ತನಕ ಸ್ಟಾರ್ಟರಿನಲ್ಲಿ ತಿರುಗಿಸಿ. ತಂಪು ಗಾಳಿಯನ್ನು ಸಿಲಿಂಡರಿನತ್ತ ತಿರುಗಿಸುವ ಬ್ಯಾಫಲ್ ತಗಡುಗಳೆಲ್ಲ ಸರಿಯಾಗಿ ಕೂತಿರಬೇಕು. ನೆಲದ ಮೇಲೆ ಓಡಿಸುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಬೆಂಗಳೂರಿನ ಏರ್‌ಸ್ಪೇಸ್ ಪಕ್ಕದಲ್ಲೇ ಇರುವುದರಿಂದ ಕ್ಲಿಯರೆನ್ಸ್ ಮಾತುಕತೆಯೆಲ್ಲ ಮೊದಲೇ ಮುಗಿಸಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಕಾಯುತ್ತ ನಿಲ್ಲಬೇಡಿ.

ಬೆಳಗ್ಗೆಯೇ ಹೊರಡಿ. ಹೊಸೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮುಟ್ಟಿದರೆ ಗಾಳಿ 6,000 ಅಡಿಯಲ್ಲಿರುವಷ್ಟು ತೆಳು. ಪವರ್ರೂ ಕಡಿಮೆ, ತಂಪೂ ಕಡಿಮೆ. ಟೇಕಾಫ್ ಫುಲ್ ಪವರಿನಲ್ಲಿ, ಮಿಕ್ಸ್‌ಚರ್ ರಿಚ್ (ಇಂಧನ ಹೆಚ್ಚು), ಮೂತಿ ತಗ್ಗಿಸಿ ವೇಗವಾಗಿ ಏರಬೇಕು. ಆಮೇಲೆ ಕೆಳಮಟ್ಟದಲ್ಲೇ ಒಂದು ಗಂಟೆ 75 ಪರ್ಸೆಂಟ್ ಪವರ್, ಎರಡನೇ ಗಂಟೆ 65 ಮತ್ತು 75 ಅದಲುಬದಲು. ಸಿಲಿಂಡರ್ ಹೆಡ್ ಟೆಂಪರೇಚರಿಗೆ 500 ಫ್ಯಾರನ್‌ಹೀಟ್ ಕೊನೆಯ ಗೆರೆ. 435 ಒಳಗಿದ್ದರೆ ನೆಮ್ಮದಿ. ಇಳಿಯುವಾಗಲೂ ಥ್ರಾಟಲ್ ಪೂರ್ತಿ ಎಳೆಯಬೇಡಿ.

ಒಂದೇ ಸಿಲಿಂಡರ್ ಬದಲಿಸಿದ್ದರೆ ಅದು ಅಕ್ಕಪಕ್ಕದವಕ್ಕಿಂತ ಬಿಸಿ ಇರುತ್ತದೆ. ಹಾರುತ್ತಿರುವಾಗಲೇ ಅದರ ಟೆಂಪರೇಚರ್ ಮುಳ್ಳು ಕೆಳಗೆ ಬಂದು ನಿಂತರೆ ರಿಂಗ್ ಕೂರುತ್ತಿದೆ ಅಂತ ಅರ್ಥ. ಆದರೂ ಆಯಿಲ್ ಲೆಕ್ಕ ಬರೆದಿಡಿ. 180 ಹಾರ್ಸ್‌ಪವರಿನ ಎಂಜಿನ್ನಿಗೆ ಗರಿಷ್ಠ ಮಿತಿ ಗಂಟೆಗೆ 0.58 ಕ್ವಾರ್ಟ್, ಅಂದರೆ ಅರ್ಧ ಲೀಟರ್ ಚಿಲ್ಲರೆ. ಹತ್ತಾರು ಗಂಟೆ ಕಳೆದರೂ ಖರ್ಚು ಇಳಿಯದೆ, ಬ್ರೀದರಿಂದ (ಎಂಜಿನ್ನಿನ ಉಸಿರು ಕೊಳವೆ) ವಿಮಾನದ ಹೊಟ್ಟೆಯುದ್ದಕ್ಕೂ ಆಯಿಲ್ ಹರಿಯುತ್ತಿದ್ದರೆ ಗ್ಲೇಜ್ ಆಗಿರುವ ಸಾಧ್ಯತೆಯೇ ಹೆಚ್ಚು. ಆಗ ಇನ್ನಷ್ಟು ಹಾರಿಸಿ ಪ್ರಯೋಜನವಿಲ್ಲ. ಸಿಲಿಂಡರ್ ಬಿಚ್ಚಿ, ಮತ್ತೆ ಹೋನ್ ಮಾಡಿಸಿ, ಹೊಸ ರಿಂಗ್ ಹಾಕಿ ಮೊದಲಿಂದ ಶುರು ಮಾಡಬೇಕು.