ಪ್ಯಾಟರ್ನ್‌ಗೆ ದುಡ್ಡು ಹಾಕೋ ಮುಂಚೆ ಬೀರು ತೆಗೆದು ನೋಡಿ

ಹೋದ ವರ್ಷ ಆಯುಧಪೂಜೆಗೆ ಅಮ್ಮನ ಹಳೇ ಪೆಡಲ್ ಮಷಿನ್ ಒರೆಸಿ ಎಣ್ಣೆ ಬಿಟ್ಟು ಕುಂಕುಮ ಹಚ್ಚಿದಾಗ್ಲೇ ಅಂದ್ಕೊಂಡಿದ್ದೆ, ಈ ಸಲ ಹೊಲಿಯೋದು ಕಲಿತೇ ಕಲೀತೀನಿ ಅಂತ. ನೇರ ಹೊಲಿಗೆ ಬರೋಕೆ ಹದಿನೈದು ದಿನ ಸಾಕಾಯ್ತು, ರೂಲ್ಡ್ ಪೇಪರ್ ಗೆರೆ ಮೇಲೆ ದಾರ ಇಲ್ದೆ ಬರೀ ಸೂಜಿ ಓಡಿಸಿ ಓಡಿಸಿ ಕಾಲು ಹದಕ್ಕೆ ಬಂತು. ಗಾಡಿ ನಿಂತಿದ್ದು ಕಟಿಂಗ್ ಹತ್ರ. ಬಟ್ಟೆ ಹಾಸ್ಕೊಂಡು ಕತ್ರಿ ಹಿಡ್ಕೊಂಡು ಕೂತ್ರೆ ಎಲ್ಲಿ ಬಾಯಿ ಹಾಕ್ಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ.

ಹೊರದೇಶದವರ ವಿಡಿಯೋ ನೋಡಿದ್ರೆ ಎಲ್ರೂ ಶುರು ಮಾಡೋದೇ ಪ್ಯಾಟರ್ನ್ ಇಂದ, ಅಂದ್ರೆ ಬಟ್ಟೆ ಮೇಲಿಟ್ಟು ಕತ್ತರಿಸೋಕೆ ಇರೋ ಕಾಗದದ ಅಚ್ಚಿಂದ. ಸರಿ ಅಂತ ಹುಡುಕಿದ್ರೆ ಒಂದು ಸಿಂಪಲ್ ಟಾಪಿನ ಪಿಡಿಎಫ್ ಸಾವಿರ ರೂಪಾಯಿ ಹತ್ರ ಇತ್ತು. ನಾನು ಕಲಿಯೋಕೆ ಅಂತ ತಂದಿದ್ದ ಕಾಟನ್ನು ಮೀಟರ್‌ಗೆ 120, ಎರಡೂವರೆ ಮೀಟರ್‌ಗೆ 300. ಬಟ್ಟೆಗಿಂತ ಮೂರು ಪಟ್ಟು ದುಡ್ಡು ಕಾಗದಕ್ಕೆ ಕೊಡೋಕೆ ಮನಸ್ಸು ಬರ್ಲಿಲ್ಲ, ಕಲಿಯೋ ಆಸೆನೇ ಅರ್ಧ ಇಳಿದು ಹೋಯ್ತು.

ಆಮೇಲೆ ಯೋಚನೆ ಮಾಡಿದೆ, ನಮ್ಮ ಟೈಲರ್‌ಗಳು ಯಾರೂ ಪ್ಯಾಟರ್ನ್ ಕೊಂಡಿದ್ದು ನಾನು ನೋಡೇ ಇಲ್ವಲ್ಲ. ಅಮೆರಿಕಾದಲ್ಲಿ ಬಟರಿಕ್ ಅನ್ನೋ ಟೈಲರ್ 1863ರಲ್ಲೇ ಸೈಜ್ ಪ್ರಕಾರ ಕಾಗದದ ಪ್ಯಾಟರ್ನ್ ಮಾಡಿ ಮಾರೋಕೆ ಶುರು ಮಾಡಿದ್ದ, ಅಲ್ಲಿ ಹೆಂಗಸ್ರು ಮನೇಲೇ ಕೂತು ಹೊಲ್ಕೊಳ್ತಿದ್ರು, ಅದಕ್ಕೆ ಅದು ಅಷ್ಟು ಓಡ್ತು. ನಮ್ಮಲ್ಲಿ ಬೀದಿಗೊಬ್ಬ ಟೈಲರ್, ನಾವು ಅಳತೆ ಬ್ಲೌಸ್ ಕವರಲ್ಲಿ ಹಾಕ್ಕೊಂಡು ಹೋಗಿ ಕೊಟ್ಟು ಬರ್ತೀವಿ, ಅವರು ಅದನ್ನ ಮಡಚಿ ಟೇಪ್ ಹಿಡಿದು ಸೀಮೆಸುಣ್ಣದಲ್ಲಿ ನೇರ ಬಟ್ಟೆ ಮೇಲೇ ಗೀಚ್ತಾರೆ. ಅಂದ್ರೆ ನಮ್ಮ ಪ್ಯಾಟರ್ನ್ ಯಾವತ್ತೂ ಆ ಅಳತೆ ಬ್ಲೌಸೇ ಆಗಿತ್ತು. ಇದು ಹೊಳೆದ ದಿನ ನನಗೆ ನಿಜವಾಗ್ಲೂ ಧೈರ್ಯ ಬಂತು.

ಬೀರು ತೆಗೆದು ನನಗೆ ಚೆನ್ನಾಗಿ ಕೂರೋ ಒಂದು ಕುರ್ತಿ ಹುಡುಕಿದೆ, ಕಂಕುಳ ಹತ್ರ ಹರಿದಿತ್ತು, ಬಣ್ಣ ಹೋಗಿತ್ತು. 20 ರೂಪಾಯಿ ಸೀಮ್ ರಿಪ್ಪರ್ ತಂದು ಇಡೀ ಒಂದು ಸಂಜೆ ಹೊಲಿಗೆ ಬಿಚ್ಚಿದೆ. ನನ್ನ ಕೇಳಿದ್ರೆ ಹೊಸಬರು ಮೊದಲು ಮಾಡ್ಬೇಕಾದ ಕೆಲಸ ಇದೇ, ಯಾವ ಕ್ಲಾಸೂ ಇಷ್ಟು ಹೇಳ್ಕೊಡಲ್ಲ. ಮುಂದಿನ ಭಾಗ ಹಿಂದಿನ ಭಾಗ ಒಂದರ ಮೇಲೊಂದು ಇಟ್ರೆ ಮುಂದಿನ ಆರ್ಮ್‌ಹೋಲ್ (ತೋಳು ಸೇರೋ ಜಾಗ) ಸ್ವಲ್ಪ ಜಾಸ್ತಿ ಒಳಗೆ ಕೊರೆದಿರುತ್ತೆ ಅನ್ನೋದು ಕಣ್ಣಿಗೇ ಕಾಣುತ್ತೆ. ತೋಳಿನ ತಲೆ ಗುಡ್ಡದ ಥರ ಯಾಕಿದೆ, ಭುಜ ನೇರ ಇಲ್ದೆ ಯಾಕೆ ಇಳಿಜಾರು, ಇದೆಲ್ಲ ಕೈಯಲ್ಲಿ ಹಿಡಿದು ನೋಡಿದ್ಮೇಲೆ ಮರೆಯಲ್ಲ. ಬಿಚ್ಚಿದ ತುಂಡಿಗೆ ಹಗುರಾಗಿ ಇಸ್ತ್ರಿ ಮಾಡಿ (ಜೋರಾಗಿ ಎಳೆದ್ರೆ ಕುತ್ತಿಗೆ ಭಾಗ ಹಿಗ್ಗಿ ಶೇಪ್ ಹೋಗುತ್ತೆ) ನ್ಯೂಸ್ ಪೇಪರ್ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದೆ. ಉದ್ದ ನೂಲು ಯಾವ ಕಡೆ ಅಂತ ಬಾಣ ಹಾಕಿ, ಅದು ಬಟ್ಟೆಯ ನೇಯ್ದ ಅಂಚಿಗೆ ಸಮಾನಾಂತರ ಇರ್ಬೇಕು ಅಂತ ಬರ್ಕೊಂಡೆ. ಬಿಚ್ಚಿದ ತುಂಡಲ್ಲಿ ಹೊಲಿಗೆ ಮಾರ್ಜಿನ್, ಅಂದ್ರೆ ಹೊಲಿಗೆ ಆಚೆ ಬಿಡೋ ಬಟ್ಟೆ, ಆಗ್ಲೇ ಇರುತ್ತೆ, ಅದಕ್ಕೆ ಮತ್ತೆ ಸೇರಿಸೋಕೆ ಹೋಗ್ಬೇಡಿ. ಬಿಚ್ಚದೆ ಒಳ್ಳೆ ಬಟ್ಟೆನ ಹಾಗೇ ಮಡಚಿಟ್ಟು ಸುತ್ತ ಗೆರೆ ಎಳೆದ್ರೆ ಮಾತ್ರ ಸೇರಿಸ್ಬೇಕು. ಇನ್ನೊಂದು ವಿಷ್ಯ, ಟೀ ಶರ್ಟ್ ಥರ ಹಿಗ್ಗೋ ಬಟ್ಟೆಯಿಂದ ಅಚ್ಚು ತೆಗೆದು ಕಾಟನ್ನಲ್ಲಿ ಹೊಲಿದ್ರೆ ತಲೆನೂ ತೂರಲ್ಲ, ಕಾಟನ್‌ಗೆ ಕಾಟನ್ನೇ ಅಚ್ಚು.

ಆ ಅಚ್ಚಿಗೆ ಖರ್ಚಾಗಿದ್ದು 20 ರೂಪಾಯಿ. ಅದರಿಂದ ಇಲ್ಲಿ ತನಕ ನಾಲ್ಕು ಕುರ್ತಿ ಹೊಲ್ದಿದೀನಿ, ಕುತ್ತಿಗೆ ಮಾತ್ರ ಬದಲಾಯಿಸ್ತಾ.

ಫ್ರೀ ಪಿಡಿಎಫ್‌ಗಳೂ ಇದಾವೆ, ಇಲ್ಲ ಅಂತ ಅಲ್ಲ. ನ್ಯೂಯಾರ್ಕಿನ ಮೂಡ್ ಅನ್ನೋ ಬಟ್ಟೆ ಅಂಗಡಿಯವರು ಕೊಡ್ತಾರೆ, ಆಸ್ಟ್ರೇಲಿಯಾದ ಪೆಪರ್‌ಮಿಂಟ್ ಮ್ಯಾಗಜೀನ್‌ನವರು ಕೊಡ್ತಾರೆ. ನನಗೆ ತುಂಬ ಇಷ್ಟ ಆಗಿದ್ದು ಫ್ರೀಸೂಯಿಂಗ್, ಅದು ಓಪನ್ ಸೋರ್ಸ್, ಅದಕ್ಕೆ ಸ್ಮಾಲ್ ಮೀಡಿಯಂ ಲಾರ್ಜ್ ಲೆಕ್ಕ ಬೇಡ, ನಮ್ಮ ಮೈ ಅಳತೆ ಹಾಕಿದ್ರೆ ಆ ಅಳತೆಗೇ ಪ್ಯಾಟರ್ನ್ ಬರೆದುಕೊಡುತ್ತೆ. ಅಲ್ಲಿ ಬೆಲ್ಲಾ ಅಂತ ಹೆಂಗಸ್ರ ಮೈಭಾಗದ ಬೇಸಿಕ್ ಬ್ಲಾಕ್ (ಡಿಸೈನ್ ಇಲ್ಲದ ಮೂಲ ಅಚ್ಚು) ಇದೆ, ಅದೊಂದು ಸರಿ ಕೂತ್ರೆ ಅದರ ಮೇಲೆ ಎಷ್ಟು ಡಿಸೈನ್ ಬೇಕಾದ್ರೂ ಕಟ್ಟಬಹುದು.

ಆದ್ರೆ ಪ್ರಿಂಟ್ ಹಾಕ್ಸೋವಾಗ ಹುಷಾರು. ನಾನು ಮೊದಲ್ನೇ ಪಿಡಿಎಫ್‌ನ ಮನೆ ಹತ್ರ ಇರೋ ಒಂದು ಝೆರಾಕ್ಸ್ ಅಂಗಡೀಲಿ ಕೊಟ್ಟೆ, 28 ಪುಟ, ಅವರು ಎಂದಿನ ಹಾಗೆ ಪೇಜಿಗೆ ಫಿಟ್ ಮಾಡಿ ಕೊಟ್ರು, ನಾನೂ ನೋಡ್ಲಿಲ್ಲ, ಗಮ್ ಹಚ್ಚಿ ಅಂಟಿಸಿ ಕಟ್ ಮಾಡಿ ಹೊಲಿದೂ ಬಿಟ್ಟೆ, ಹಾಕ್ಕೊಂಡ್ರೆ ಎದೆ ಹತ್ರ ಬಿಗಿ, ತೋಳು ಎತ್ತೋಕಾಗ್ತಿಲ್ಲ. ಆಮೇಲೆ ಪ್ರಿಂಟ್ ಅಳತೆ ಸರಿ ಇದ್ಯಾ ನೋಡೋಕೆ ಪಿಡಿಎಫ್ ಅಲ್ಲೇ ಇರೋ ಟೆಸ್ಟ್ ಚೌಕ ಅಳೆದು ನೋಡಿದ್ರೆ 10 ಸೆಂಟಿಮೀಟರ್ ಇರ್ಬೇಕಾಗಿದ್ದು 9.6 ಇತ್ತು. ಕಾಗದದ ಮೇಲೆ 4 ಮಿಲಿಮೀಟರ್ ಅಂದ್ರೆ ಏನೂ ಅನ್ಸಲ್ಲ, ಆದ್ರೆ 40 ಇಂಚಿನ ಸುತ್ತಳತೆಯಲ್ಲಿ ಅದು 1.6 ಇಂಚು. ಎರಡು ಮೀಟರ್ ಬಟ್ಟೆ ಹೋಯ್ತು, ಆ ರಾತ್ರಿ ತುಂಬ ಬೇಜಾರಾಗಿತ್ತು. ಈಗ ಮೊದಲು ಚೌಕ ಇರೋ ಪುಟ ಒಂದೇ ತೆಗೆಸ್ತೀನಿ, ಸ್ಕೇಲ್ 100 ಪರ್ಸೆಂಟ್ ಇಡಿ ಅಂತ ಹೇಳ್ತೀನಿ, ಅಲ್ಲೇ ನಿಂತು ಟೇಪ್ ಹಿಡಿದು ಅಳೀತೀನಿ, ಸರಿ ಇದ್ರೆ ಮಾತ್ರ ಮಿಕ್ಕಿದ್ದು. ಇಂಜಿನಿಯರ್‌ಗಳು ಮನೆ ಪ್ಲಾನ್ ತೆಗೆಸೋ ಅಂಗಡಿಗಳಲ್ಲಿ ಎ0 ಸೈಜಲ್ಲಿ ಒಂದೇ ಹಾಳೆಲಿ ತೆಗೆದುಕೊಡ್ತಾರೆ, ಅಂಟಿಸೋ ಗೋಳೇ ಇಲ್ಲ.

ಮಾರ್ಜಿನ್ ವಿಷಯದಲ್ಲೂ ಒಬ್ಬೊಬ್ಬರದು ಒಂದೊಂದು ಪದ್ಧತಿ. ಅಮೆರಿಕಾದ ಪ್ಯಾಕೆಟ್ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್ ಸೇರೇ ಇರುತ್ತೆ, ಜರ್ಮನಿಯ ಹೊಲಿಗೆ ಪತ್ರಿಕೆ ಬುರ್ದಾ ಜೊತೆ ಬರೋ ಪ್ಯಾಟರ್ನ್ ಹಾಳೆಯಲ್ಲಿ ಸೇರಿರಲ್ಲ, ನಾವೇ ಹಾಕ್ಕೋಬೇಕು. ನಮ್ಮ ಬ್ಲೌಸಲ್ಲಂತೂ ಮಗ್ಗುಲಿಗೆ ಒಂದೂವರೆ ಇಂಚು ಒಳಗೆ ಬಿಡ್ತಾರೆ, ಮುಂದೆ ದಪ್ಪ ಆದ್ರೆ ಒಂದು ಹೊಲಿಗೆ ಬಿಚ್ಚಿದ್ರೆ ಆಯ್ತು ಅಂತ. ಈ ಒಂದು ಬುದ್ಧಿವಂತಿಕೆಗೆ ನಮ್ಮ ಟೈಲರ್‌ಗಳಿಗೆ ಕೈ ಮುಗೀಬೇಕು, ನಾನೀಗ ಯಾವ ದೇಶದ ಪ್ಯಾಟರ್ನ್ ಆದ್ರೂ ಮಗ್ಗುಲಿಗೆ ಅಷ್ಟು ಬಿಟ್ಟೇ ಕತ್ತರಿಸೋದು.

ಬ್ಲೌಸ್ ಮಾತ್ರ ಅಚ್ಚು ತೆಗೆದು ಬರ್ಲಿಲ್ಲ ನನಗೆ. ನಾಲ್ಕು ಡಾಟ್ (ಮೈಗೆ ಕೂರೋಕೆ ಬಟ್ಟೆ ಚೂಪಾಗಿ ಮಡಚಿ ಹಾಕೋ ಹೊಲಿಗೆ) ಎಲ್ಲಿ ಕೂರ್ಬೇಕು ಅನ್ನೋದು ಒಂದು ಅರ್ಧ ಇಂಚು ಆಚೆ ಈಚೆ ಆದ್ರೂ ಫಿಟಿಂಗ್ ಕೆಡುತ್ತೆ. ಆನ್‌ಲೈನಲ್ಲಿ 28ರಿಂದ 44 ತನಕ ಸೈಜಿನ ಬ್ಲೌಸ್ ಪೇಪರ್ ಕಟಿಂಗ್ ಸೆಟ್ ಸಿಗುತ್ತೆ, ತಗೊಂಡೆ, ಕಲಿಯೋಕೆ ಪರವಾಗಿಲ್ಲ, ಆದ್ರೆ ಒಂದೇ 36 ಎದೆ ಇರೋ ಇಬ್ಬರ ಭುಜ ಒಂದೇ ಇರಲ್ವಲ್ಲ. ಕೊನೆಗೆ ನಮ್ಮ ಬೀದಿಯ ಒಬ್ಬ ಅಕ್ಕನ ಹತ್ರ ಡ್ರಾಫ್ಟಿಂಗ್, ಅಂದ್ರೆ ಮೈ ಅಳತೆಯಿಂದ ಲೆಕ್ಕ ಹಾಕಿ ಅಚ್ಚು ಬರೆಯೋದು, ಕಲ್ತೆ. ಅವರು ಕಲ್ತಿದ್ದು ರುಡ್‌ಸೆಟ್‌ನಲ್ಲಿ, 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಅದು, ಊಟ ವಸತಿ ಸಮೇತ ಫ್ರೀಯಾಗಿ ಹೊಲಿಗೆ ಟ್ರೇನಿಂಗ್ ಕೊಡ್ತಾರೆ, ಹಳ್ಳಿ ಕಡೆ ಹುಡುಗೀರು ದಯವಿಟ್ಟು ವಿಚಾರಿಸಿ. ಅಕ್ಕ ಹೇಳ್ಕೊಟ್ಟ ಲೆಕ್ಕ ಇಷ್ಟೇ, ಎದೆ 36 ಆದ್ರೆ ನಾಲ್ಕನೇ ಒಂದು ಭಾಗ 9, ಅದಕ್ಕೆ ಅರ್ಧ ಇಂಚು ಸಡಿಲ, ಒಂದೂವರೆ ಮಾರ್ಜಿನ್, ಒಟ್ಟು 11. ಆರ್ಮ್‌ಹೋಲ್‌ಗೆ ಆರನೇ ಒಂದು ಭಾಗ, 6. ಮೂರು ಸಲ ಹಳೇ ಬೆಡ್‌ಶೀಟ್‌ನಲ್ಲಿ ಹೊಲ್ದು ನೋಡಿ, ಭುಜ ಕಾಲಿಂಚು ಕಮ್ಮಿ ಮಾಡಿ, ನಾಲ್ಕನೇದು ಕೂತ್ಕೊಳ್ತು. ಅಕ್ಕನೇ ಕೈಯಿಟ್ಟು ನೋಡಿ ಸರಿ ಇದೆ ಅಂದ್ರು.

ಆ ಅಚ್ಚನ್ನ ಬ್ರೌನ್ ಪೇಪರಿಗೆ ಇಳಿಸಿ ಡೇಟು, ಅಳತೆ, ಮಾರ್ಜಿನ್ ಎಷ್ಟು ಬಿಟ್ಟಿದೀನಿ ಎಲ್ಲ ಬರೆದು ಹಳೇ ಮದುವೆ ಪತ್ರಿಕೆ ಕವರಲ್ಲಿ ಹಾಕಿಟ್ಟಿದೀನಿ. ಅಮ್ಮ ಗುಳೇದಗುಡ್ಡದ ಖಣ ಒಂದು ಎತ್ತಿಟ್ಟಿದ್ರು, ಇಳಕಲ್ ಸೀರೆ ಮೇಲೆ ಹಾಕ್ಕೊಳ್ಳೋಕೆ ಅಂತ. ಖಣದ ದಡಿ ತೋಳಿನ ತುದಿಗೆ ಬರೋ ಹಾಗೆ ಅಚ್ಚು ಹೇಗೆ ಇಟ್ಟು ನೋಡಿದ್ರೂ ಬೆನ್ನಿಗೆ ಬಟ್ಟೆ ಸಾಲ್ತಿಲ್ಲ, ನಾಳೆ ಭಾನುವಾರ, ಅಕ್ಕನ ಮನೆಗೆ ಖಣ ಅಚ್ಚು ಎರಡೂ ತಗೊಂಡು ಹೋಗ್ತಿದೀನಿ.