ಹಾರ್ಡ್‌ವಿಕ್ ಹಾಲ್: ಒಂದು ಕಡೆ ಗಾಜು, ಇನ್ನೊಂದು ಕಡೆ ನೇಯ್ಗೆ

ಇಂಗ್ಲೆಂಡಿನ ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್ ಎಂಬ ದೊಡ್ಡ ಮನೆಯ ಬಗ್ಗೆ ಅಲ್ಲಿನವರ ಹಳೇ ಮಾತೊಂದಿದೆ: ಗೋಡೆಗಿಂತ ಗಾಜೇ ಜಾಸ್ತಿ. ಆರು ಗೋಪುರಗಳ ನೆತ್ತಿಯ ಮೇಲೆ ಕಲ್ಲಿನಲ್ಲಿ ಕಡೆದ 'ಇ ಎಸ್' ಎಂಬ ಅಕ್ಷರಗಳಿವೆ. ಅಂದರೆ ಇದನ್ನು ಕಟ್ಟಿಸಿದ ಎಲಿಜಬೆತ್ ಶ್ರೂಸ್‌ಬರಿ. ಎಲ್ಲರ ಬಾಯಲ್ಲಿ ಬೆಸ್ ಆಫ್ ಹಾರ್ಡ್‌ವಿಕ್. ಆಕೆಯ ನಾಲ್ಕನೇ ಗಂಡ, ಶ್ರೂಸ್‌ಬರಿಯ ಅರ್ಲ್, 1590ರಲ್ಲಿ ತೀರಿಕೊಂಡ. ಅದೇ ವರ್ಷ ಈ ಮನೆಯ ಕೆಲಸ ಶುರುವಾಯಿತು. 1597ರಲ್ಲಿ ಆಕೆ ಇಲ್ಲಿಗೆ ವಾಸಕ್ಕೆ ಬಂದಳು. ನಕ್ಷೆ ರಾಬರ್ಟ್ ಸ್ಮೈಥ್ಸನ್‌ನದು.

ಇಷ್ಟು ಗಾಜಿಟ್ಟರೆ ಭಾರ ಹೊರುವವರು ಯಾರು? ಒಳಗಿನ ದಪ್ಪ ಗೋಡೆಗಳು. ಹೊಗೆಗೂಡುಗಳನ್ನೂ ಅವುಗಳಲ್ಲೇ ಅಡಗಿಸಿದ್ದರಿಂದ ಹೊರಗೋಡೆ ಕಿಟಕಿಗೆ ಬಿಡುವಾಯಿತು. ಆಗ ದೊಡ್ಡ ಗಾಜಿನ ಹಲಗೆ ಸಿಗುತ್ತಿರಲಿಲ್ಲ. ಅಂಗೈಯಗಲದ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸಿ, ಕಬ್ಬಿಣದ ಅಡ್ಡಸರಳಿಗೆ ಕಟ್ಟುತ್ತಿದ್ದರು. ಸೀಸ ಮೆತ್ತಗಿನ ಲೋಹ. ಗಾಳಿಯ ಒತ್ತಡಕ್ಕೆ ಕಾಲಕ್ರಮೇಣ ಬಾಗುತ್ತದೆ, ಸಂದಿ ಬಿಡುತ್ತದೆ, ಮಳೆನೀರು ಒಳಗೆ ಬರುತ್ತದೆ. ಚಳಿಯಂತೂ ಹೇಳತೀರದು.

ಮಹಡಿ ಏರಿದಂತೆ ಕಿಟಕಿಗಳೂ ಎತ್ತರವಾಗುತ್ತವೆ. ಅತ್ಯಂತ ಎತ್ತರದವು ಮೇಲಿನ ಅಂತಸ್ತಿನಲ್ಲಿವೆ. ಸುಮಾರು 50 ಮೀಟರ್ ಉದ್ದದ ಹಜಾರ, ಲಾಂಗ್ ಗ್ಯಾಲರಿ, ಇರುವುದೂ ಅಲ್ಲೇ. ನನ್ನ ಮಟ್ಟಿಗೆ ಇಡೀ ಮನೆಯ ಜೀವ ಇರುವುದು ಅದರ ಗೋಡೆಯ ಮೇಲಿನ 13 ಗಿಡಿಯನ್ ಟೇಪೆಸ್ಟ್ರಿಗಳಲ್ಲಿ, ಅಂದರೆ ಬೈಬಲ್ಲಿನ ಗಿಡಿಯನ್‌ನ ಕಥೆಯನ್ನು ಚಿತ್ರವಾಗಿ ನೇಯ್ದ ಗೋಡೆಬಟ್ಟೆಗಳಲ್ಲಿ. ಒಂದೊಂದೂ ಸುಮಾರು ಆರು ಮೀಟರ್ ಎತ್ತರ. ಅವು ಮೊದಲು ಒಂದನೇ ಎಲಿಜಬೆತ್ ರಾಣಿಯ ಆಸ್ಥಾನದ ಕ್ರಿಸ್ಟಫರ್ ಹ್ಯಾಟನ್‌ನವು. ಅವನು ಸತ್ತ ಮೇಲೆ, 1592ರಲ್ಲಿ, ಬೆಸ್ ಅವನ್ನು ಅವನ ವಾರಸುದಾರನಿಂದ 326 ಪೌಂಡಿಗೆ ಚಿಲ್ಲರೆ ಹೆಚ್ಚಿಗೆ ಕೊಟ್ಟು ಕೊಂಡಳು. ಹ್ಯಾಟನ್ನನ ವಂಶಲಾಂಛನದ ಮೇಲೆ ತನ್ನ ಲಾಂಛನ ಬರೆದ ಬಟ್ಟೆ ತೇಪೆ ಹಾಕಿಸಿದಳು. ಅವನ ಹೆಣ್ಣುಜಿಂಕೆಗಳಿಗೆ ಕೊಂಬು ಬರೆಸಿ, ತನ್ನ ಕ್ಯಾವೆಂಡಿಷ್ ಮಕ್ಕಳ ಮನೆತನದ ಗಂಡುಜಿಂಕೆ ಮಾಡಿಸಿದಳು. ಕಾಸಿನ ಬೆಲೆ ಬಲ್ಲ ಹೆಂಗಸು!

ಆದರೆ ಗಾಜಿನಿಂದ ಬಂದ ಬೆಳಕೇ ನೇಯ್ಗೆಯನ್ನು ತಿಂದಿತು. ಹಳದಿ ಬಣ್ಣ ಬೇಗ ಹಾರಿಹೋಗುತ್ತದೆ. ನೀಲಿಯ ಮೇಲೆ ಹಳದಿ ಹಾಕಿ ಹಸಿರು ಮಾಡಿದ್ದರಿಂದ, ಹಳದಿ ಹೋದ ಮೇಲೆ ಮರಗಿಡಗಳೆಲ್ಲ ನೀಲಿ. ಕಬ್ಬಿಣದ ಅಂಶ ಬೆರೆಸಿ ಅದ್ದಿದ ಕಡುಕಂದು ಉಣ್ಣೆ ಪುಡಿಯಾಗಿ ಉದುರುತ್ತದೆ. ಇನ್ನೊಂದು ತೊಂದರೆ ನೇತುಹಾಕುವ ರೀತಿಯದು: ಟೇಪೆಸ್ಟ್ರಿಯನ್ನು ಮಗ್ಗದ ಮೇಲೆ ಅಡ್ಡಲಾಗಿ ನೇಯ್ದು, ಆಮೇಲೆ ತಿರುಗಿಸಿ ತೂಗುಹಾಕುತ್ತಾರೆ. ಮಗ್ಗಕ್ಕೆ ಬಿಗಿದ ಹಾಸಿನ ಎಳೆ ಅಡ್ಡಕ್ಕೆ ಬರುತ್ತದೆ, ಪೂರ್ತಿ ಭಾರ ಅದರ ನಡುವೆ ನೇಯ್ದ ಹೊಕ್ಕಿನ ಎಳೆಯ ಮೇಲೆ ಬೀಳುತ್ತದೆ. ಬಣ್ಣ ಬದಲಾಗುವಲ್ಲಿ ಉಳಿದ ಸೀಳುಗಳ ಹೊಲಿಗೆ ಮೊದಲು ಬಿಚ್ಚುತ್ತದೆ.

ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಈ 13ನ್ನೂ ಒಂದೊಂದಾಗಿ ತೊಳೆಸಿ, ಹಿಂದೆ ಬಟ್ಟೆಯ ಆಸರೆ ಕೊಟ್ಟು, ಸಡಿಲವಾದ ಎಳೆಗಳನ್ನು ಕೈಹೊಲಿಗೆಯಲ್ಲಿ ಹಿಡಿಸಿತು. 24 ವರ್ಷ ಹಿಡಿಯಿತು, 2023ರಲ್ಲಿ ಮುಗಿಯಿತು. ಖರ್ಚು 17 ಲಕ್ಷ ಪೌಂಡ್.

ಬೆಳಕು ಮತ್ತೆ ಬಣ್ಣ ತಿನ್ನಬಾರದೆಂದೇ ಒಳಗೆ ಪರದೆ ಇಳಿಬಿಟ್ಟಿರುತ್ತಾರೆ. ಹೋದವರು ಕತ್ತಲೆಯೆಂದು ಮುಂದೆ ಸಾಗಬೇಡಿ. ನಾಲ್ಕೈದು ನಿಮಿಷ ಒಂದೇ ಕಡೆ ನಿಂತರೆ ಕಣ್ಣು ಆ ಮಬ್ಬಿಗೆ ಒಗ್ಗಿಕೊಳ್ಳುತ್ತದೆ. ಮೊದಲು ಮುಖಗಳು, ಆಮೇಲೆ ನೀಲಿ ಎಲೆಗಳು.