ಸಿಸ್ಟರ್, ಕುತ್ತಿಗೆ ಪ್ಲಾಸ್ಟರ್ ದಿನಾ ಯಾಕೆ ಚೇಂಜ್ ಮಾಡಲ್ಲ?

ಮಡಿಕೇರೀಲಿ ಐಸಿಯು ನರ್ಸ್ ನಾನು, ವಿಸಿಟಿಂಗ್ ಟೈಮಲ್ಲಿ ಮನೆಯವರು ಕೇಳೋದು ಇದನ್ನೇ. ಮೊನ್ನೆ ಸೋಮವಾರಪೇಟೆ ಕಡೆಯ ಅಜ್ಜ ಒಬ್ರ ಮಗಳೂ ಕೇಳಿದ್ರು, "ಬೆಡ್‌ಶೀಟ್ ದಿನಾ ಬದಲಾಯಿಸ್ತೀರ, ಇದು ಮಾತ್ರ ನಾಲ್ಕು ದಿನದಿಂದ ಹಂಗೇ ಇದೆಯಲ್ಲಾ ಸಿಸ್ಟರ್." ಅವರ ಬೇಜಾರು ನ್ಯಾಯಾನೇ.

ಆ ಪ್ಲಾಸ್ಟರ್ ಕೆಳಗಿರೋದು ಸೆಂಟ್ರಲ್ ಲೈನ್ ಅನ್ನೋ ಪೈಪ್. ಅದು ಕೈಗೆ ಹಾಕೋ ಡ್ರಿಪ್ ಥರ ಅಲ್ಲ, ಕುತ್ತಿಗೆಯ ರಕ್ತನಾಳದಿಂದ ಸುಮಾರು 15 ಸೆಂಟಿಮೀಟರ್ ಒಳಗೆ ಹೋಗಿ ಅದರ ತುದಿ ಹೃದಯದ ಹತ್ರಾನೇ ಇರುತ್ತೆ, ಬಿಪಿ ಬೀಳದೇ ಇರೋಕೆ ಕೊಡೋ ನಾರ್‌ಅಡ್ರಿನಲಿನ್ ಹೋಗೋದೂ ಅದರಲ್ಲೇ. ಚರ್ಮದ ಮೇಲಿರೋ ಕ್ರಿಮಿ ಆ ಪೈಪ್ ಹಿಡಿದು ಇಳಿದ್ರೆ ನೇರ ರಕ್ತಕ್ಕೇ. ಡ್ರೆಸಿಂಗ್, ಅಂದ್ರೆ ಈ ಪ್ಲಾಸ್ಟರ್, ಬಿಚ್ಚಿದಷ್ಟು ಸಲ ಕ್ರಿಮಿಗೆ ದಾರಿ, ಪೈಪೂ ಅಲ್ಲಾಡುತ್ತೆ. ಅದಕ್ಕೇ ಒಳಗೆ ಕಾಣೋ ಫಿಲ್ಮ್ ಅಂಟಿಸೋದು, ಕೆಂಪಾಗಿದ್ಯಾ ಕೀವು ಇದ್ಯಾ ಅಂತ ಬಿಚ್ಚದೇನೇ ಪ್ರತಿ ಶಿಫ್ಟಲ್ಲೂ ನೋಡ್ತೀವಿ, 7 ದಿನದವರೆಗೂ ಬಿಡಬಹುದು. ರಕ್ತ ಜಿನುಗ್ತಿದ್ರೆ ಗಾಜ್ ಬಟ್ಟೆ ಹಾಕ್ತೀವಿ, ಅದು 2 ದಿನ ಅಷ್ಟೇ.

ಆದ್ರೆ 7 ದಿನ ತುಂಬೋವರೆಗೂ ಕಾಯ್ಲೇಬೇಕು ಅಂತಲ್ಲ. ಒದ್ದೆಯಾದ್ರೆ, ಕೊಳೆಯಾದ್ರೆ, ಒಂದು ಮೂಲೆ ಎದ್ರೂ ಆಗಲೇ ತೆಗೀಬೇಕು. ನಾನು ಮೊದಲು ಕೆಲಸ ಮಾಡ್ತಿದ್ದ ಕಡೆ ಮೂಲೆ ಎದ್ದಿದ್ದಕ್ಕೆ ಮೇಲಿಂದ ಇನ್ನೊಂದು ಟೇಪ್ ಅಂಟಿಸಿ ಬಿಡ್ತಿದ್ರು, ನಾನೂ ಅಂಟಿಸಿದ್ದೀನಿ, ಅದು ತಪ್ಪು, ಕೊಳೆ ಒಳಗೇ ಉಳಿಯುತ್ತೆ. ಗಂಡಸರಿಗೆ ಇನ್ನೊಂದು ಕಷ್ಟ, ಎರಡು ದಿನಕ್ಕೆ ಗಡ್ಡ ಚಿಗುರಿ ಫಿಲ್ಮನ್ನ ಮೇಲಕ್ಕೆ ತಳ್ಳುತ್ತೆ. ಬ್ಲೇಡ್ ಹಾಕಲ್ಲ, ಚರ್ಮ ಗೀರುತ್ತೆ, ಕ್ಲಿಪ್ಪರಲ್ಲಿ ಸಣ್ಣಗೆ ಕತ್ತರಿಸ್ತೀವಿ.

ಚೇಂಜ್ ಮಾಡೋವಾಗ ಅವಸರ ಮಾಡ್ಲೇಬಾರದ ಜಾಗ ಒಂದಿದೆ. ಸ್ಟೆರೈಲ್ ಗ್ಲೌಸ್ ಹಾಕಿ ಆಲ್ಕೋಹಾಲ್ ಸೇರಿರೋ, ಕ್ರಿಮಿ ಕೊಲ್ಲೋ 2% ಕ್ಲೋರ್‌ಹೆಕ್ಸಿಡಿನಲ್ಲಿ 30 ಸೆಕೆಂಡ್ ಚೆನ್ನಾಗಿ ಉಜ್ಜಿ ಆಮೇಲೆ ಸುಮ್ನೆ ಕಾಯಬೇಕು, ಒರೆಸಬಾರದು, ಬೀಸಬಾರದು, ತಾನಾಗೇ ಒಣಗಬೇಕು. ನಮ್ಮ ಜುಲೈ ಮಳೇಲಿ ಒಗೆದ ಬಟ್ಟೆ ವಾರ ಆದ್ರೂ ಒಣಗಲ್ಲ ಗೊತ್ತಲ್ಲ, ಹಂಗೇ ಇಲ್ಲೂ ತಾಳ್ಮೆ ಬೇಕು. ಹಸಿ ಇರುವಾಗಲೇ ಅಂಟಿಸಿದ್ರೆ ಚರ್ಮ ಉರಿಯುತ್ತೆ, ಫಿಲ್ಮೂ ನಿಲ್ಲಲ್ಲ.

ಮನೆಯವರು ದಯವಿಟ್ಟು ಅದನ್ನ ಮುಟ್ಟಬೇಡಿ, ಚಳಿ ಅಂತ ಕಂಬಳೀನ ಕುತ್ತಿಗೆವರೆಗೂ ಎಳೀಬೇಡಿ, ಬೆವರುತ್ತೆ. ನೋಡಿ, ಕೇಳಿ. "ಈ ಲೈನ್ ಇನ್ನೂ ಬೇಕಾ ಡಾಕ್ಟ್ರೇ" ಅಂತ ದಿನಾ ಕೇಳಿದ್ರೂ ತಪ್ಪಿಲ್ಲ, ಬೇಡವಾದ ದಿನಾನೇ ತೆಗೆಯೋದು ಎಲ್ಲಕ್ಕಿಂತ ಒಳ್ಳೇದು.

ಆ ಮಗಳು ಮಾರನೇ ದಿನ ಬಂದವರೇ "ಸಿಸ್ಟರ್, ಕಿವಿ ಕೆಳಗಿನ ಮೂಲೆ ಎದ್ದಿದೆ" ಅಂದ್ರು. ಹೌದು, ಎದ್ದಿತ್ತು. ಐದನೇ ದಿನಕ್ಕೇ ಚೇಂಜ್ ಮಾಡಿದ್ವಿ.